ಇಂಗ್ಲಿಷ್ ಟೆನ್ಸ್ ಮತ್ತು ಕಂಜಂಕ್ಷನ್: ಕನ್ನಡದಲ್ಲಿ ಯೋಚಿಸುವ ಮಕ್ಕಳಿಗೊಂದು ಮಾರ್ಗದರ್ಶಿ

ಆರು, ಏಳು, ಎಂಟನೇ ತರಗತಿಯ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ ತೆರೆದರೆ ಹನ್ನೆರಡು ಟೆನ್ಸ್‌ಗಳ ಪಟ್ಟಿ ಅಚ್ಚುಕಟ್ಟಾಗಿ ಬರೆದಿರುತ್ತದೆ. ಅದರ ಮರುಪುಟದಲ್ಲೇ "ಐ ಡಿಡ್ ನಾಟ್ ವೆಂಟ್" ಎಂಬ ವಾಕ್ಯವೂ ಇರುತ್ತದೆ. ಪಟ್ಟಿ ಬಾಯಿಪಾಠವಾಗಿದ್ದರೂ ವಾಕ್ಯ ಏಕೆ ತಪ್ಪಿತು ಎಂದು ಹುಡುಕುತ್ತಾ ಹೋದರೆ, ಇಂಥ ತಪ್ಪುಗಳಲ್ಲಿ ಬಹುಪಾಲು ಕನ್ನಡದ ಕ್ರಿಯಾಪದವನ್ನು ಬಲ್ಲ ಮನಸ್ಸು ಇಂಗ್ಲಿಷಿನಲ್ಲೂ ಅದೇ ಜಾಡು ಹಿಡಿಯುವುದರಿಂದ ಹುಟ್ಟುತ್ತವೆ ಎಂಬುದು ತಿಳಿಯುತ್ತದೆ. ಕನ್ನಡದಲ್ಲಿ ಕೆಲಸ ನಡೆದ ಕಾಲ, ಅದನ್ನು ಮಾಡಿದವರು ಯಾರೆಂಬ ಸುಳಿವು, ಒಂದು ಮಾತನ್ನು ಇನ್ನೊಂದಕ್ಕೆ ಕಟ್ಟುವ ಕೊಂಡಿ, ಈ ಮೂರೂ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ. ಇಂಗ್ಲಿಷಿನಲ್ಲಿ ಇವುಗಳಲ್ಲಿ ಹೆಚ್ಚಿನವು ಬಿಡಿ ಪದಗಳಾಗಿ ಕ್ರಿಯಾಪದಕ್ಕಿಂತ ಮೊದಲೇ ಬಂದು ನಿಲ್ಲುತ್ತವೆ. ಆದ್ದರಿಂದ ಬಾಲದಲ್ಲಿರುವುದನ್ನು ತಲೆಯ ಕಡೆಗೆ ತರುವ ಅಭ್ಯಾಸವೇ ಟೆನ್ಸ್ ಮತ್ತು ಕಂಜಂಕ್ಷನ್ ಎರಡರ ಕಲಿಕೆಯೂ ಹೌದು, ಮತ್ತು ಈ ಎರಡು ಪಾಠಗಳನ್ನು ಬೇರೆ ಬೇರೆಯಾಗಿ ಕಲಿಸುವುದಕ್ಕಿಂತ ಒಟ್ಟಿಗೆ ಕಲಿಸುವುದು ಮೇಲು.

ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಓದುತ್ತಿರುವವರು ಪ್ರತಿ ವಾಕ್ಯವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾ ಹೋದರೆ ಸ್ಪೆಲ್ಲಿಂಗ್ ಅಭ್ಯಾಸವೂ ಜೊತೆಗೇ ಆಗುತ್ತದೆ.

ಹೆಜ್ಜೆ 1: ಹನ್ನೆರಡರ ಬದಲು ಎರಡು ಪ್ರಶ್ನೆ

ಹನ್ನೆರಡು ಎಂಬ ಸಂಖ್ಯೆಯೇ ಮಕ್ಕಳನ್ನು ಹೆದರಿಸುತ್ತದೆ. ಅದು ಮೂರನ್ನು ನಾಲ್ಕರಿಂದ ಗುಣಿಸಿದಾಗ ಬರುವ ಸಂಖ್ಯೆ ಎಂದು ತಿಳಿದರೆ ಭಯ ಅರ್ಧಕ್ಕಿಳಿಯುತ್ತದೆ. ಕೆಲಸ ಯಾವಾಗ ನಡೆಯಿತು ಎಂಬ ಪ್ರಶ್ನೆಗೆ ಮೂರು ಉತ್ತರ: ಹಿಂದೆ, ಈಗ, ಮುಂದೆ. ಕೆಲಸ ಯಾವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆಗೆ ನಾಲ್ಕು: ಸುಮ್ಮನೆ ಹೇಳಿದ್ದು, ನಡೆಯುತ್ತಿರುವುದು, ಮುಗಿದಿರುವುದು, ಒಂದು ಹಂತದಿಂದ ಶುರುವಾಗಿ ನಡೆಯುತ್ತಲೇ ಇರುವುದು. ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ಹೆಸರುಗಳು ಈ ನಾಲ್ಕಕ್ಕೇ ಸಲ್ಲುತ್ತವೆ. ಕನ್ನಡದಲ್ಲಿ ಇವು ನಮಗೆ ಆಗಲೇ ಬರುತ್ತವೆ: ಬರೆಯುತ್ತೇನೆ, ಬರೆಯುತ್ತಿದ್ದೇನೆ, ಬರೆದಿದ್ದೇನೆ, ಬೆಳಗಿನಿಂದ ಬರೆಯುತ್ತಲೇ ಇದ್ದೇನೆ. ಇವನ್ನೇ "ಐ ರೈಟ್", "ಐ ಆಮ್ ರೈಟಿಂಗ್", "ಐ ಹ್ಯಾವ್ ರಿಟನ್", "ಐ ಹ್ಯಾವ್ ಬೀನ್ ರೈಟಿಂಗ್" ಎಂದು ಹೇಳುತ್ತೇವೆ.

ಈ ನಾಲ್ಕು ವಾಕ್ಯಗಳಲ್ಲಿ ಒಂದು ಗುಟ್ಟಿದೆ. ಎರಡನೆಯದರಿಂದ ಮುಂದಕ್ಕೆ ಕಾಲವನ್ನು ಹೊರುವುದು ಮುಖ್ಯ ಕ್ರಿಯಾಪದವಲ್ಲ, ಅದಕ್ಕಿಂತ ಮೊದಲು ಬರುವ ಆಮ್, ಹ್ಯಾವ್ ಮುಂತಾದ ಸಹಾಯಕ ಕ್ರಿಯಾಪದ. "ಆಮ್" ಅನ್ನು "ವಾಸ್" ಮಾಡಿದರೆ, "ಹ್ಯಾವ್" ಅನ್ನು "ಹ್ಯಾಡ್" ಮಾಡಿದರೆ ಇಡೀ ವಾಕ್ಯ ಹಿಂದಿನ ಕಾಲಕ್ಕೆ ಸರಿಯುತ್ತದೆ. "ರೈಟಿಂಗ್", "ರಿಟನ್" ಇದ್ದಲ್ಲೇ ಇರುತ್ತವೆ. ಹೀಗಾಗಿ ಹನ್ನೆರಡು ಸಾಲು ಉರುಹೊಡೆಯುವ ಬದಲು ಈ ನಾಲ್ಕನ್ನು ಕಲಿತು, ಮೊದಲ ಪದವನ್ನು ಬದಲಿಸುವ ಆಟವನ್ನು ನಾಲ್ಕೈದು ಕ್ರಿಯಾಪದಗಳೊಂದಿಗೆ ಆಡಿದರೆ ಸಾಕು.

ಹೆಜ್ಜೆ 2: ಮೂರು ರೂಪಗಳು ಮತ್ತು ಮೂರು ಉಚ್ಚಾರಗಳು

ಪ್ರತಿ ಕ್ರಿಯಾಪದಕ್ಕೂ ಮೂರು ರೂಪ ಬೇಕು: ಗೋ, ವೆಂಟ್, ಗಾನ್. ಮೊದಲನೆಯದು ಮೂಲ, ಎರಡನೆಯದು ಒಂಟಿಯಾಗಿ ನಿಂತು ಭೂತಕಾಲ ಹೇಳುವಂಥದ್ದು, ಮೂರನೆಯದು ಹ್ಯಾವ್, ಹ್ಯಾಸ್, ಹ್ಯಾಡ್ ಜೊತೆ ಬರುವಂಥದ್ದು. ಎರಡನೆಯ ರೂಪ ಎಂದೂ ಸಹಾಯಕ ಕ್ರಿಯಾಪದದ ಜೊತೆ ಸೇರುವುದಿಲ್ಲ, ಮೂರನೆಯದು ಮುಖ್ಯ ಕ್ರಿಯಾಪದವಾದಾಗ ಅದರ ನೆರವಿಲ್ಲದೆ ನಿಲ್ಲುವುದಿಲ್ಲ ಎಂಬ ಒಂದು ನಿಯಮ ಗಟ್ಟಿಯಾದರೆ "ಹಿ ಹ್ಯಾಸ್ ವೆಂಟ್", "ಐ ಸೀನ್ ಹಿಮ್" ಎಂಬಂಥ ತಪ್ಪುಗಳು ಉಳಿಯುವುದಿಲ್ಲ.

ಬಹಳಷ್ಟು ಕ್ರಿಯಾಪದಗಳು ಇ ಮತ್ತು ಡಿ ಅಕ್ಷರಗಳನ್ನು ಕೊನೆಗೆ ಸೇರಿಸಿಕೊಂಡು ಎರಡನೆಯ, ಮೂರನೆಯ ರೂಪಗಳನ್ನು ಪಡೆಯುತ್ತವೆ. ಬರೆಯುವುದು ಒಂದೇ ಬಗೆಯಾದರೂ ಉಚ್ಚಾರ ಮೂರು ಬಗೆ. ಮೂಲ ಪದ ಟ್ ಅಥವಾ ಡ್ ಧ್ವನಿಯಿಂದ ಮುಗಿದರೆ ಮಾತ್ರ ಇನ್ನೊಂದು ಉಸಿರು ಸೇರಿ ವಾಂಟೆಡ್, ನೀಡೆಡ್ ಎಂದಾಗುತ್ತದೆ. ಗಂಟಲು ಕಂಪಿಸದ ಕ್, ಪ್, ಸ್, ಶ್, ಚ್, ಫ್ ಧ್ವನಿಗಳಾದ ಮೇಲೆ ಟ್ ಎಂದು ಕೇಳಿಸುತ್ತದೆ: ವಾಕ್ಟ್, ಹೆಲ್ಪ್ಟ್, ವಾಚ್ಟ್. ಉಳಿದೆಡೆ ಡ್: ಪ್ಲೇಡ್, ಕಾಲ್ಡ್. ಗಂಟಲ ಮೇಲೆ ಬೆರಳಿಟ್ಟು ಮೂಲ ಪದದ ಕೊನೆಯ ಧ್ವನಿಯನ್ನು ಹೇಳಿದರೆ ಕಂಪನ ಇದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. "ವಾಕೆಡ್", "ಹೆಲ್ಪೆಡ್" ಎಂದು ಓದುವ ರೂಢಿ ನಮ್ಮಲ್ಲಿ ವ್ಯಾಪಕವಾಗಿರುವುದರಿಂದ ಈ ಬೆರಳಿನ ಪರೀಕ್ಷೆಯನ್ನು ಒಂದು ದಿನದ ಪಾಠವಾಗಿಯೇ ಮಾಡುವುದು ಒಳ್ಳೆಯದು. ಸ್ಪೆಲ್ಲಿಂಗ್‌ನಲ್ಲಿ ಎರಡು ಎಚ್ಚರಿಕೆಗಳು ಸಾಕು: "ಸ್ಟಾಪ್" ತರಹದ ಗಿಡ್ಡ ಪದದಲ್ಲಿ ಒಂಟಿ ಸ್ವರದ ನಂತರ ಒಂಟಿ ವ್ಯಂಜನ ಬಂದರೆ ಆ ಪಿ ಅಕ್ಷರ ಎರಡಾಗುತ್ತದೆ, "ಸ್ಟಡಿ" ಪದದ ವೈ ಅಕ್ಷರ ಐ ಆಗುತ್ತದೆ, ಆದರೆ "ಪ್ಲೇ" ಪದದಲ್ಲಿ ವೈ ಅಕ್ಷರಕ್ಕಿಂತ ಮೊದಲು ಸ್ವರವಿರುವುದರಿಂದ ಅದು ಹಾಗೆಯೇ ಉಳಿಯುತ್ತದೆ.

ಇನ್ನು ನಿಯಮಕ್ಕೆ ಸಿಗದ ಕ್ರಿಯಾಪದಗಳು. ದಿನವೂ ಬಾಯಿಗೆ ಬರುವ ಬಿ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್, ನೋ, ಟೇಕ್, ಸೀ, ಕಮ್ ಎಲ್ಲವೂ ಈ ಗುಂಪಿನವೇ. ಇದು ಆಕಸ್ಮಿಕವಲ್ಲ. ಜನ ಸದಾ ಬಳಸುವ ಪದದ ಹಳೆಯ ರೂಪ ನಾಲಿಗೆಯ ಮೇಲೆಯೇ ಉಳಿಯುತ್ತದೆ. ಅಪರೂಪಕ್ಕೆ ಬಳಸುವ ಪದದ ರೂಪ ಮರೆತುಹೋಗಿ ಸಾಮಾನ್ಯ ನಿಯಮಕ್ಕೆ ಒಗ್ಗಿಕೊಳ್ಳುತ್ತದೆ. "ಗೋ" ಪದಕ್ಕೆ "ವೆಂಟ್" ಎಂಬ ಸಂಬಂಧವಿಲ್ಲದಂತೆ ಕಾಣುವ ರೂಪ ಬಂದದ್ದೂ ಅದು "ವೆಂಡ್" ಎಂಬ ಬೇರೊಂದು ಹಳೆಯ ಕ್ರಿಯಾಪದದ ಭೂತರೂಪವಾಗಿದ್ದುದರಿಂದ. ಕಲಿಯುವಾಗ ಇವನ್ನು ಅಕಾರಾದಿಯಾಗಿ ಜೋಡಿಸಬೇಡಿ, ಸದ್ದಿನ ಬಳಗಗಳಾಗಿ ಜೋಡಿಸಿ: ಮೂರೂ ಒಂದೇ ಇರುವ ಕಟ್, ಪುಟ್, ಹಿಟ್, ಮೊದಲ ಮತ್ತು ಕೊನೆಯ ರೂಪ ಒಂದೇ ಇರುವ ಕಮ್, ಕೇಮ್, ಕಮ್, ಮೂರರಲ್ಲೂ ಸ್ವರ ಬೇರೆಯಾಗುವ ಸಿಂಗ್, ಸ್ಯಾಂಗ್, ಸಂಗ್ ಮತ್ತು ಡ್ರಿಂಕ್, ಡ್ರ್ಯಾಂಕ್, ಡ್ರಂಕ್, ಕೊನೆಯ ಎರಡು ಒಂದೇ ಆಗುವ ಬ್ರಿಂಗ್, ಬ್ರಾಟ್, ಬ್ರಾಟ್. "ರೀಡ್" ಮಾತ್ರ ವಿಚಿತ್ರ: ಮೂರರ ಸ್ಪೆಲ್ಲಿಂಗ್ ಒಂದೇ, ಓದುವಾಗ ರೀಡ್, ರೆಡ್, ರೆಡ್.

ಹೆಜ್ಜೆ 3: ಎಸ್ ಅಕ್ಷರದ ಜಾಗ, ಡಿಡ್ ಪದದ ಹಸಿವು

ಕನ್ನಡದ ಕ್ರಿಯಾಪದ ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ, ಬರುತ್ತೀಯ, ಬರುತ್ತೇವೆ ಎಂದು ಕರ್ತೃವಿಗೆ ತಕ್ಕಂತೆ ರೂಪ ಬದಲಿಸುತ್ತಲೇ ಇರುತ್ತದೆ. ಇಂಗ್ಲಿಷಿನಲ್ಲಿ ಈ ಇಡೀ ಸಂಸಾರಕ್ಕೆ ಎರಡೇ ರೂಪ: ಹಿ, ಶಿ, ಇಟ್ ಬಂದಾಗ "ಕಮ್ಸ್", ಉಳಿದವರಿಗೆಲ್ಲ "ಕಮ್". ಬಹುವಚನದ ಎಸ್ ಅಕ್ಷರದೊಂದಿಗೆ ಇದನ್ನು ಬೆರೆಸಿ "ದೆ ಕಮ್ಸ್" ಎಂದು ಬರೆಯುವವರಿಗೆ ಒಂದು ಉಪಾಯ ಹೇಳಬಹುದು. "ದಿ ಬಾಯ್ ರನ್ಸ್" ಮತ್ತು "ದಿ ಬಾಯ್ಸ್ ರನ್" ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದರೆ, ಎಸ್ ಒಂದೇ ಇದೆ, ಅದು ಕರ್ತೃವಿನಿಂದ ಕ್ರಿಯಾಪದಕ್ಕೆ ಜಿಗಿದಿದೆ ಅಷ್ಟೇ ಎಂಬುದು ಕಾಣುತ್ತದೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಾವು ಹಿರಿಯರನ್ನು ಬಹುವಚನದಿಂದ ಗೌರವಿಸುತ್ತೇವೆ: ನಮ್ಮ ಟೀಚರ್ ಚೆನ್ನಾಗಿ ಪಾಠ ಮಾಡುತ್ತಾರೆ. ಈ ಗೌರವವನ್ನು ಹಾಗೆಯೇ ಇಂಗ್ಲಿಷಿಗೆ ಸಾಗಿಸಿದ ಮಗು "ಅವರ್ ಟೀಚರ್ ಟೀಚ್ ವೆಲ್" ಎಂದು ಬರೆಯುತ್ತದೆ, ಮುಂದಿನ ವಾಕ್ಯದಲ್ಲಿ ಆ ಟೀಚರ್ "ದೆ" ಆಗಿಬಿಡುತ್ತಾರೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಗೌರವ ತಿಳಿಯದು, ಅದಕ್ಕೆ ಒಬ್ಬರೋ ಹಲವರೋ ಎಂಬುದಷ್ಟೇ ಮುಖ್ಯ. ಆದ್ದರಿಂದ "ಅವರ್ ಟೀಚರ್ ಟೀಚಸ್ ವೆಲ್" ಎಂದೇ ಬರೆಯಬೇಕು, ಅದರಲ್ಲಿ ಅಗೌರವವೇನೂ ಇಲ್ಲ.

ಇಲ್ಲ ಎನ್ನುವಾಗ, ಪ್ರಶ್ನೆ ಕೇಳುವಾಗ ಡೂ, ಡಸ್, ಡಿಡ್ ಬರುತ್ತವೆ. "ಡಸ್" ಆಗಲೇ ಎಸ್ ಅನ್ನು ನುಂಗಿದೆ, "ಡಿಡ್" ಆಗಲೇ ಭೂತಕಾಲವನ್ನು ನುಂಗಿದೆ. ಅವುಗಳ ನಂತರ ಬರುವ ಕ್ರಿಯಾಪದಕ್ಕೆ ಮೂಲ ರೂಪವಷ್ಟೇ ಉಳಿಯುತ್ತದೆ. "ಐ ಡಿಡ್ ನಾಟ್ ವೆಂಟ್" ಎಂದು ಬರೆಯುವ ಮಗುವಿಗೆ ಅದರ ಕನ್ನಡವನ್ನೇ ಕೇಳಿ. ಹೋದೆ ಎಂಬುದಕ್ಕೆ ವಿರುದ್ಧ ಹೋಗಲಿಲ್ಲ ಎಂದು ಅದು ಉತ್ತರಿಸುತ್ತದೆ. "ಹೋದಲಿಲ್ಲ" ಎಂದು ಯಾವ ಮಗುವೂ ಹೇಳುವುದಿಲ್ಲ. ಹೋದೆ ಎಂಬಲ್ಲಿದ್ದ ಭೂತಕಾಲದ ಗುರುತು ಹೋಗಲಿಲ್ಲ ಎಂಬಲ್ಲಿ ಮಾಯವಾಗಿ ಹೋಗು ಎಂಬ ಮೂಲವೇ ಮರಳಿದೆ. "ಡಿಡ್ ನಾಟ್ ಗೋ" ಎಂಬುದರಲ್ಲೂ ನಡೆದಿರುವುದು ಇದೇ. ಕನ್ನಡ ಅಡ್ಡಬರುವ ಕಡೆಗಳನ್ನು ಹೇಳುವಷ್ಟೇ ಶ್ರದ್ಧೆಯಿಂದ ಕನ್ನಡ ಕೈಹಿಡಿಯುವ ಇಂಥ ಕಡೆಗಳನ್ನೂ ಮಕ್ಕಳಿಗೆ ತೋರಿಸಬೇಕು.

ಹೆಜ್ಜೆ 4: ಹೋಗುತ್ತೇನೆ ಎಂದರೆ ಯಾವಾಗ?

ದಿನಾ ಹೋಗುತ್ತೇನೆ, ನಾಳೆ ಹೋಗುತ್ತೇನೆ. ಆಡುಗನ್ನಡಕ್ಕೆ ಎರಡೂ ಒಂದೇ ರೂಪ. ಇಂಗ್ಲಿಷಿನಲ್ಲಿ ಮೊದಲನೆಯದು "ಐ ಗೋ", ಎರಡನೆಯದು "ಐ ವಿಲ್ ಗೋ". ಬರೆಯುವ ಮುನ್ನ ಮನಸ್ಸಿನಲ್ಲೇ ದಿನಾ ಅಥವಾ ನಾಳೆ ಎಂಬ ಪದವನ್ನು ಸೇರಿಸಿ ನೋಡಿದರೆ ಯಾವುದು ಬೇಕೆಂದು ಗೊತ್ತಾಗುತ್ತದೆ. ಮೊದಲೇ ಗೊತ್ತುಮಾಡಿಕೊಂಡ ಕಾರ್ಯಕ್ರಮವಾದರೆ "ವಿ ಆರ್ ಲೀವಿಂಗ್ ಟುಮಾರೋ" ಎಂಬುದೂ ಸರಿ. ಕನ್ನಡದಲ್ಲೂ ನಾಳೆ ಹೊರಡುತ್ತಿದ್ದೇವೆ ಎನ್ನುತ್ತೇವಲ್ಲ. ಭವಿಷ್ಯತ್ತಿನ ಉಳಿದ ರೂಪಗಳು ಈ ವಯಸ್ಸಿನ ಬರವಣಿಗೆಯಲ್ಲಿ ಅಪರೂಪ. "ಐ ವಿಲ್ ಹ್ಯಾವ್ ಫಿನಿಶ್ಡ್ ಬೈ ಫೈವ್" ಎಂದರೆ ಐದು ಗಂಟೆಯೊಳಗೆ ಮುಗಿಸಿರುತ್ತೇನೆ ಎಂದು ಅರ್ಥವಾದರೆ ಸದ್ಯಕ್ಕೆ ಸಾಕು.

ಐಎನ್‌ಜಿ ರೂಪವನ್ನು ಮಾತ್ರ ಮಕ್ಕಳು ಅಗತ್ಯಕ್ಕಿಂತ ಹೆಚ್ಚು ಬಳಸುತ್ತಾರೆ. ತಿಳಿದಿರುವುದು, ಬೇಕೆನಿಸುವುದು, ಇಷ್ಟವಾಗುವುದು, ನಂಬುವುದು, ತನ್ನಲ್ಲಿ ಇರುವುದು ಇವು ನಡೆಯುತ್ತಿರುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಆದ್ದರಿಂದ "ಐ ಆಮ್ ನೋಯಿಂಗ್", "ಐ ಆಮ್ ಹ್ಯಾವಿಂಗ್ ಟೂ ಪೆನ್ಸ್" ಎಂಬುವು ತಪ್ಪು. "ಐ ನೋ", "ಐ ಹ್ಯಾವ್ ಟೂ ಪೆನ್ಸ್" ಎಂಬುವು ಸರಿ. "ಹ್ಯಾವಿಂಗ್ ಲಂಚ್" ಸರಿ ಏಕೆಂದರೆ ಅಲ್ಲಿ ಹ್ಯಾವ್ ಎಂದರೆ ಊಟ ಮಾಡುವ ಕೆಲಸ. ಹಿಂದಿನ ಕಾಲದಲ್ಲಿ ಇನ್ನೊಂದು ಬಲೆಯಿದೆ: ಚಿಕ್ಕವನಿದ್ದಾಗ ಈಜಲು ಹೋಗುತ್ತಿದ್ದೆ ಎಂಬುದನ್ನು "ಐ ವಾಸ್ ಗೋಯಿಂಗ್" ಎಂದು ಬರೆಯಬಾರದು, ಅದು ರೂಢಿಯ ಮಾತಾದ್ದರಿಂದ "ಐ ಯೂಸ್ಡ್ ಟು ಗೋ" ಎನ್ನಬೇಕು. ನಿನ್ನೆ ಐದು ಗಂಟೆಗೆ ಹೋಗುತ್ತಿದ್ದೆ ಎಂದು ಒಂದು ಗಳಿಗೆಯನ್ನು ಹಿಡಿದು ಹೇಳಿದರೆ ಮಾತ್ರ "ವಾಸ್ ಗೋಯಿಂಗ್" ಬರುತ್ತದೆ.

ಹೆಜ್ಜೆ 5: ಪರ್ಫೆಕ್ಟ್ ಎಂಬ ಕಗ್ಗಂಟು

ಇಡೀ ಟೆನ್ಸ್ ಪಾಠದಲ್ಲಿ ಹೆಚ್ಚು ಸಮಯ ಬೇಡುವುದು ಇದೇ ಭಾಗ. ಬಾಗಿಲ ಮುಂದೆ ಚೀಲ ತಡಕಾಡುತ್ತಾ ನಿಂತ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳು "ಐ ಹ್ಯಾವ್ ಲಾಸ್ಟ್ ಮೈ ಕೀ" ಎಂದರೆ ಕೀಲಿ ಕಳೆದಿದೆ, ಇನ್ನೂ ಸಿಕ್ಕಿಲ್ಲ, ಅವಳು ಈಗಲೂ ಹೊರಗೇ ನಿಂತಿದ್ದಾಳೆ. ಒಂದು ವಾರದ ನಂತರ ಅದೇ ಪ್ರಸಂಗವನ್ನು ಗೆಳತಿಗೆ ಹೇಳುವಾಗ "ಐ ಲಾಸ್ಟ್ ಮೈ ಕೀ ಲಾಸ್ಟ್ ವೀಕ್" ಎನ್ನುತ್ತಾಳೆ. ಕೀಲಿ ಆಮೇಲೆ ಸಿಕ್ಕಿತೋ ಇಲ್ಲವೋ ಈ ವಾಕ್ಯ ಹೇಳುವುದಿಲ್ಲ. ಮೊದಲ ವಾಕ್ಯದ "ಹ್ಯಾವ್" ವರ್ತಮಾನಕಾಲದ ಪದ ಎಂಬುದನ್ನು ನೆನಪಿಟ್ಟರೆ ನಿಯಮ ತಾನಾಗಿಯೇ ಹೊಳೆಯುತ್ತದೆ: ಈ ರೂಪದಲ್ಲಿ ಹೇಳುವವರ ದೃಷ್ಟಿ ಈಗಿನ ಸ್ಥಿತಿಯ ಮೇಲಿದೆ, ಆದ್ದರಿಂದ ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ ಎಂಬ ಮುಗಿದ ಕಾಲದ ಪದಗಳು ಅದರ ಜೊತೆ ಕೂಡವು. ಕನ್ನಡದಲ್ಲಿ ನಿನ್ನೆಯೇ ಬರೆದಿದ್ದೇನೆ ಎನ್ನುವುದು ಸಹಜವಾದ್ದರಿಂದ "ಐ ಹ್ಯಾವ್ ರಿಟನ್ ಇಟ್ ಯೆಸ್ಟರ್ಡೇ" ನಮ್ಮ ಕಿವಿಗೆ ತಪ್ಪೆನಿಸುವುದಿಲ್ಲ. ಇಲ್ಲಿ ಕಿವಿಯನ್ನು ನಂಬದೆ ವಾಕ್ಯದಲ್ಲಿರುವ ಕಾಲಸೂಚಕ ಪದವನ್ನು ಹುಡುಕಬೇಕು.

"ಗಾನ್" ಮತ್ತು "ಬೀನ್" ಎರಡರ ವ್ಯತ್ಯಾಸಕ್ಕೆ ಕನ್ನಡ ಮತ್ತೆ ನೆರವಾಗುತ್ತದೆ. ಹೋಗಿದ್ದಾನೆ ಎಂದರೆ "ಹಿ ಹ್ಯಾಸ್ ಗಾನ್", ಅವನಿನ್ನೂ ಅಲ್ಲೇ ಇದ್ದಾನೆ. ಹೋಗಿ ಬಂದಿದ್ದಾನೆ ಎಂದರೆ "ಹಿ ಹ್ಯಾಸ್ ಬೀನ್".

ಸಿನ್ಸ್ ಮತ್ತು ಫಾರ್ ಗೊಂದಲದ ಬೇರು ಕನ್ನಡದ ಇಂದ ಪ್ರತ್ಯಯದಲ್ಲಿದೆ. ಎರಡು ಗಂಟೆಯಿಂದ ಓದುತ್ತಿದ್ದೇನೆ ಎಂದು ಒಬ್ಬರು ಹೇಳಿದರೆ, ಗಡಿಯಾರ ಎರಡು ತೋರಿಸಿದಾಗ ಓದಲು ಕೂತರೋ ಅಥವಾ ಓದಲು ಕೂತು ಎರಡು ಗಂಟೆಯಾಯಿತೋ ಎಂಬುದು ಆ ಮಾತಿನಿಂದಲೇ ತಿಳಿಯುವುದಿಲ್ಲ. ಇಂಗ್ಲಿಷ್ ಈ ಅಸ್ಪಷ್ಟತೆಯನ್ನು ಒಪ್ಪುವುದಿಲ್ಲ. ಆರಂಭದ ಬಿಂದುವಾದರೆ "ಸಿನ್ಸ್ ಟೂ ಓ ಕ್ಲಾಕ್", ಕಳೆದ ಅವಧಿಯಾದರೆ "ಫಾರ್ ಟೂ ಅವರ್ಸ್". ಎರಡರಲ್ಲೂ ಕ್ರಿಯಾಪದ "ಹ್ಯಾವ್ ಬೀನ್ ರೀಡಿಂಗ್". ಓದುತ್ತಿದ್ದೇನೆ ಎಂಬುದನ್ನು ನೇರವಾಗಿ ಇಳಿಸಿ "ಐ ಆಮ್ ರೀಡಿಂಗ್ ಸಿನ್ಸ್ ಟೂ ಅವರ್ಸ್" ಎಂದು ಬರೆದರೆ ಒಂದೇ ವಾಕ್ಯದಲ್ಲಿ ಎರಡು ತಪ್ಪಾಗುತ್ತವೆ. ನನ್ನ ಅನುಭವದಲ್ಲಿ ದೊಡ್ಡವರ ಪತ್ರಗಳಲ್ಲೂ ಅತಿ ಹೆಚ್ಚು ಕಾಣಸಿಗುವ ತಪ್ಪು ಇದೇ.

ಇನ್ನು "ಹ್ಯಾಡ್". ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ನಡೆಯಿತು ಎಂದು ತೋರಿಸಬೇಕಾದಾಗ ಮಾತ್ರ ಅದು ಬೇಕು: ನಾವು ಸ್ಟೇಷನ್ ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು, "ವೆನ್ ವಿ ರೀಚ್ಡ್ ದಿ ಸ್ಟೇಷನ್, ದಿ ಟ್ರೇನ್ ಹ್ಯಾಡ್ ಲೆಫ್ಟ್". ಇಲ್ಲಿ "ಹ್ಯಾಡ್" ತೆಗೆದುಬಿಟ್ಟರೆ ನಾವು ತಲುಪಿದ ಗಳಿಗೆಯಲ್ಲೇ ರೈಲು ಹೊರಟಿತು ಎಂಬ ಬೇರೆ ಕಥೆಯಾಗುತ್ತದೆ. ಕನ್ನಡದಲ್ಲಿ ಕಳೆದ ವರ್ಷ ಪ್ರವಾಸ ಹೋಗಿದ್ದೆ ಎಂದು ಎರಡನೆಯ ಘಟನೆಯಿಲ್ಲದೆಯೂ ಹೇಳುತ್ತೇವೆ. ಅದನ್ನು "ಐ ಹ್ಯಾಡ್ ಗಾನ್" ಎಂದು ಬರೆಯದೆ "ಐ ವೆಂಟ್" ಎಂದು ಬರೆಯಬೇಕು.

ಹೆಜ್ಜೆ 6: ಕೊಂಡಿಯನ್ನು ಬಾಲದಿಂದ ತಲೆಗೆ ತನ್ನಿ

ಕಂಜಂಕ್ಷನ್‌ಗಳಲ್ಲಿ ಎರಡು ಮುಖ್ಯ ಬಗೆ. ಮೊದಲನೆಯ ಬಗೆಯವು ಸಮಾನ ತೂಕದ ಎರಡು ಮಾತುಗಳ ನಡುವೆ ಕೂರುತ್ತವೆ: ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ. ಈ ಏಳರ ಮೊದಲ ಅಕ್ಷರಗಳನ್ನು ಸೇರಿಸಿದರೆ ಫ್ಯಾನ್‌ಬಾಯ್ಸ್ ಎಂಬ ಪದವಾಗುವುದರಿಂದ ನೆನಪಿಡುವುದು ಸುಲಭ. ಮತ್ತು, ಅಥವಾ, ಆದರೆ ಎಂಬುವು ಕನ್ನಡದಲ್ಲೂ ಬಿಡಿ ಪದಗಳೇ ಆದ್ದರಿಂದ ಇಲ್ಲಿ ಹೆಚ್ಚಿನ ಕಷ್ಟವಿಲ್ಲ, ಒಂದು ಕಡೆ ಬಿಟ್ಟು. ಎದ್ದು, ಮುಖ ತೊಳೆದು, ಚೀಲ ತೆಗೆದುಕೊಂಡು ಶಾಲೆಗೆ ಹೋದೆ ಎಂಬ ವಾಕ್ಯದಲ್ಲಿ ಕಾಲವನ್ನು ಹೊತ್ತಿರುವುದು ಕೊನೆಯ ಕ್ರಿಯಾಪದವೊಂದೇ. ಎದ್ದು, ತೊಳೆದು ಎಂಬ ರೂಪಗಳು ನಾಳೆಯ ಮಾತಿನಲ್ಲೂ ಹೀಗೆಯೇ ಇರುತ್ತವೆ. ಇಂಗ್ಲಿಷಿನಲ್ಲಿ ಸಾಲಿನ ಪ್ರತಿ ಕ್ರಿಯಾಪದವೂ ತನ್ನ ಕಾಲವನ್ನು ತಾನೇ ಹೊರಬೇಕು: "ಐ ಗಾಟ್ ಅಪ್, ವಾಶ್ಡ್ ಮೈ ಫೇಸ್, ಟುಕ್ ಮೈ ಬ್ಯಾಗ್ ಆಂಡ್ ವೆಂಟ್ ಟು ಸ್ಕೂಲ್". ಮಕ್ಕಳ ಪ್ರಬಂಧಗಳಲ್ಲಿ ಒಂದೇ ಸಾಲಿನೊಳಗೆ "ಗೆಟ್", "ವಾಶ್", "ವೆಂಟ್" ಎಂದು ಕಾಲಗಳು ಬೆರೆತುಹೋಗುವುದಕ್ಕೆ ಈ ಸರಪಳಿಯೇ ಮೂಲ.

ಎರಡನೆಯ ಬಗೆಯವು ಒಂದು ಮಾತನ್ನು ಇನ್ನೊಂದರ ಆಸರೆಗೆ ಬಿಡುತ್ತವೆ. ಕನ್ನಡದಲ್ಲಿ ಈ ಕೆಲಸ ಪ್ರತ್ಯಯಗಳದ್ದು. ಮಳೆ ಎಂಬ ಒಂದೇ ಪದ ಹಿಡಿದು ನೋಡಿ: ಮಳೆ ಬಂದಾಗ ಎಂಬುದಕ್ಕೆ "ವೆನ್", ಬಂದರೆ ಎಂಬುದಕ್ಕೆ "ಇಫ್", ಬಂದರೂ ಎಂಬುದಕ್ಕೆ "ದೋ" ಅಥವಾ "ಈವನ್ ಇಫ್", ಬಂದಿದ್ದರಿಂದ ಎಂಬುದಕ್ಕೆ "ಬಿಕಾಸ್", ಬರುವ ಮೊದಲು ಎಂಬುದಕ್ಕೆ "ಬಿಫೋರ್", ಬಂದ ಮೇಲೆ ಎಂಬುದಕ್ಕೆ "ಆಫ್ಟರ್", ಬಂದ ಕೂಡಲೇ ಎಂಬುದಕ್ಕೆ "ಆ್ಯಸ್ ಸೂನ್ ಆ್ಯಸ್", ಬರುವವರೆಗೆ ಎಂಬುದಕ್ಕೆ "ಅಂಟಿಲ್", ಬರದಿದ್ದರೆ ಎಂಬುದಕ್ಕೆ "ಅನ್ಲೆಸ್". ಕನ್ನಡದಲ್ಲಿ ಈ ಎಲ್ಲ ಗುರುತುಗಳೂ ಉಪವಾಕ್ಯದ ಕೊನೆಯಲ್ಲಿವೆ. ಇಂಗ್ಲಿಷಿನಲ್ಲಿ ಎಲ್ಲವೂ ಅದರ ಮೊದಲಲ್ಲಿವೆ. ಅಭ್ಯಾಸ ಮಾಡುವಾಗ ಕನ್ನಡ ವಾಕ್ಯದ ಆ ಪ್ರತ್ಯಯಕ್ಕೆ ಕೆಳಗೆರೆ ಎಳೆದು, ಅಲ್ಲಿಂದ ಬಾಣ ಹಾಕಿ ಉಪವಾಕ್ಯದ ಆರಂಭಕ್ಕೆ ಒಯ್ದು, ಅಲ್ಲಿ ಇಂಗ್ಲಿಷ್ ಪದ ಬರೆಯಬೇಕು. ಹತ್ತು ವಾಕ್ಯಗಳಿಗೆ ಬಾಣ ಎಳೆದ ಮೇಲೆ ಹನ್ನೊಂದನೆಯದಕ್ಕೆ ಬಾಣ ಬೇಕಾಗುವುದಿಲ್ಲ. ಉಪವಾಕ್ಯ ಮೊದಲು ಬಂದರೆ ಅದರ ಕೊನೆಗೆ ಕಾಮಾ ಹಾಕುವುದು, ನಂತರ ಬಂದರೆ ಸಾಮಾನ್ಯವಾಗಿ ಬಿಡುವುದು ರೂಢಿ.

ಎರಡು ಮಾತುಗಳಿಗೆ ಒಂದೇ ಕೊಂಡಿ ಸಾಕು. "ದೋ ಇಟ್ ವಾಸ್ ರೇನಿಂಗ್, ಬಟ್ ವಿ ಪ್ಲೇಡ್", "ಬಿಕಾಸ್ ಇಟ್ ರೇನ್ಡ್, ಸೋ ವಿ ಸ್ಟೇಡ್ ಇನ್" ಎಂಬ ವಾಕ್ಯಗಳಲ್ಲಿ ಕೊಂಡಿ ಎರಡೆರಡಾಗಿದೆ. ಯಾವುದಾದರೂ ಒಂದನ್ನು ತೆಗೆದುಹಾಕಿದರೆ ವಾಕ್ಯ ಸರಿಯಾಗುತ್ತದೆ. "ಅನ್ಲೆಸ್" ಪದದ ಹೊಟ್ಟೆಯೊಳಗೆ ಇಲ್ಲ ಎಂಬ ಅರ್ಥ ಆಗಲೇ ಇರುವುದರಿಂದ ಓದದಿದ್ದರೆ ಎಂಬುದು "ಅನ್ಲೆಸ್ ಯು ಸ್ಟಡಿ" ಆಗುತ್ತದೆ, "ಅನ್ಲೆಸ್ ಯು ಡೋಂಟ್ ಸ್ಟಡಿ" ಎಂದರೆ ಅರ್ಥವೇ ತಿರುಗಿಬೀಳುತ್ತದೆ.

ಹೆಜ್ಜೆ 7: ಕೊಂಡಿ ಕಾಲವನ್ನು ಆಳುವ ಕಡೆಗಳು

ನಾಳೆ ಮಳೆ ಬಂದರೆ ಮನೆಯಲ್ಲೇ ಇರುತ್ತೇವೆ ಎಂಬುದಕ್ಕೆ "ಇಫ್ ಇಟ್ ರೇನ್ಸ್ ಟುಮಾರೋ, ವಿ ವಿಲ್ ಸ್ಟೇ ಅಟ್ ಹೋಮ್" ಎನ್ನಬೇಕು. ನಾಳೆಯ ಮಾತಾದ್ದರಿಂದ "ಇಫ್ ಇಟ್ ವಿಲ್ ರೇನ್" ಎಂದು ಬರೆಯುವ ಮಗು ಕನ್ನಡದಿಂದ ತಪ್ಪುತ್ತಿಲ್ಲ, ಅತಿಯಾದ ತರ್ಕದಿಂದ ತಪ್ಪುತ್ತಿದೆ. ಏಕೆಂದರೆ ಕನ್ನಡವೂ ಇಲ್ಲಿ ಭವಿಷ್ಯತ್ತನ್ನು ಬಳಸದೆ ಬಂದ ಎಂಬ ಭೂತರೂಪದ ಮೇಲೆಯೇ ಬಂದರೆ ಎಂದು ಕಟ್ಟುತ್ತದೆ. ವೆನ್, ಬಿಫೋರ್, ಆಫ್ಟರ್, ಅಂಟಿಲ್, ಆ್ಯಸ್ ಸೂನ್ ಆ್ಯಸ್ ಎಲ್ಲವೂ ಇದೇ ನಿಯಮಕ್ಕೆ ಒಳಪಡುತ್ತವೆ: "ವಿಲ್" ಮುಖ್ಯ ವಾಕ್ಯದಲ್ಲಿ ಮಾತ್ರ.

ಹಾಗಾದರೆ "ಐ ಡೋಂಟ್ ನೋ ವೆನ್ ಹಿ ವಿಲ್ ಕಮ್" ಎಂಬುದು ಹೇಗೆ ಸರಿ ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ, ಕೇಳಬೇಕು ಕೂಡ. ಉತ್ತರ ಕನ್ನಡದಲ್ಲಿದೆ. ಅವನು ಬಂದಾಗ ಎಂದಿದ್ದರೆ "ವೆನ್" ಕೊಂಡಿಯಾಗಿದೆ, ಅಲ್ಲಿ "ವಿಲ್" ಬೇಡ. ಅವನು ಯಾವಾಗ ಬರುತ್ತಾನೋ ಎಂದಿದ್ದರೆ "ವೆನ್" ಪ್ರಶ್ನೆಯ ಪದವಾಗಿದೆ, ಅಲ್ಲಿ "ವಿಲ್" ಬರಬಹುದು. ಬರುತ್ತಾನೋ ಇಲ್ಲವೋ ಎಂಬ ಅರ್ಥದ "ಇಫ್" ಪದಕ್ಕೂ ಇದೇ ಪರೀಕ್ಷೆ.

"ವೈಲ್" ಪದದ ನಂತರ ನಡೆಯುತ್ತಿದ್ದ ದೊಡ್ಡ ಕೆಲಸ, "ವೆನ್" ಪದದ ನಂತರ ನಡುವೆ ನುಗ್ಗಿದ ಸಣ್ಣ ಘಟನೆ ಬರುವುದು ವಾಡಿಕೆ: "ವೈಲ್ ಐ ವಾಸ್ ರೀಡಿಂಗ್, ದಿ ಲೈಟ್ಸ್ ವೆಂಟ್ ಔಟ್" ಎಂದರೂ "ಐ ವಾಸ್ ರೀಡಿಂಗ್ ವೆನ್ ದಿ ಲೈಟ್ಸ್ ವೆಂಟ್ ಔಟ್" ಎಂದರೂ ಒಂದೇ. ಪರೀಕ್ಷೆಗಳಲ್ಲಿ ಪ್ರಿಯವಾದ "ನೋ ಸೂನರ್" ಜೊತೆಗೆ "ದ್ಯಾನ್", "ಹಾರ್ಡ್ಲಿ" ಜೊತೆಗೆ "ವೆನ್" ಬರುತ್ತದೆ, ಎರಡರಲ್ಲೂ ಮೊದಲ ಭಾಗದಲ್ಲಿ "ಹ್ಯಾಡ್" ಇರುತ್ತದೆ. ಮಾತಿನಲ್ಲಿ ಇವು ಅಪರೂಪವಾದ್ದರಿಂದ ಒಂದೊಂದು ಮಾದರಿ ನೆನಪಿದ್ದರೆ ಆಯಿತು.

ಎಂದು ಎಂಬುದರ ಇಂಗ್ಲಿಷ್ ರೂಪವಾದ "ದ್ಯಾಟ್" ಬಗ್ಗೆ ಮಾತ್ರ ಎಚ್ಚರ ಬೇಕು. ಅವನು ಬರುತ್ತೇನೆ ಎಂದು ಹೇಳಿದ ಎಂಬಲ್ಲಿ ಕನ್ನಡವು ಹೇಳಿದವನ ಬಾಯಿಮಾತನ್ನು ಹಾಗೆಯೇ ಉಳಿಸುತ್ತದೆ. "ಹಿ ಸೆಡ್ ದ್ಯಾಟ್ ಐ ವಿಲ್ ಕಮ್" ಎಂದರೆ ಬರುವವನು ನಾನಾಗಿಬಿಡುತ್ತೇನೆ. "ಹಿ ಸೆಡ್ ದ್ಯಾಟ್ ಹಿ ವುಡ್ ಕಮ್" ಎಂದು ಆಳನ್ನೂ ಕಾಲವನ್ನೂ ಎರಡನ್ನೂ ಬದಲಿಸಬೇಕು.

ಹೆಜ್ಜೆ 8: ಒಂದು ಪ್ಯಾರಾ ತಿದ್ದಿ ನೋಡೋಣ

ಏಳನೇ ತರಗತಿಯ ಮಗು ಬರೆಯಬಹುದಾದ ನಾಲ್ಕು ಸಾಲು ಇಲ್ಲಿದೆ: "ಯೆಸ್ಟರ್ಡೇ ಐ ಹ್ಯಾವ್ ಗಾನ್ ಟು ದಿ ಲೈಬ್ರರಿ. ದೋ ಇಟ್ ವಾಸ್ ರೇನಿಂಗ್, ಬಟ್ ಐ ಡಿಡ್ ನಾಟ್ ಟುಕ್ ಆ್ಯನ್ ಅಂಬ್ರೆಲಾ. ವೆನ್ ಐ ಗಾಟ್ ದೇರ್, ದಿ ಲೈಬ್ರರಿ ಕ್ಲೋಸ್ಡ್, ಸೋ ಐ ಕಮ್ ಬ್ಯಾಕ್. ಇಫ್ ಐ ವಿಲ್ ಗೋ ಟುಮಾರೋ, ಐ ಗೋ ಅರ್ಲಿ."

ತಿದ್ದುವಾಗ ಕೆಂಪು ಗೆರೆ ಎಳೆಯುವ ಮೊದಲು ಕಾಲಸೂಚಕ ಪದಗಳಿಗೆ ವೃತ್ತ ಹಾಕಿಸಿ, ನಂತರ ಕೊಂಡಿಗಳಿಗೆ ಚೌಕ ಹಾಕಿಸಿ, ಕೊನೆಗೆ ಕ್ರಿಯಾಪದಗಳಿಗೆ ಕೆಳಗೆರೆ ಎಳೆಯಿಸಿ. ವೃತ್ತದೊಳಗೆ "ಯೆಸ್ಟರ್ಡೇ" ಸಿಕ್ಕಿತು, ಆದ್ದರಿಂದ "ಹ್ಯಾವ್ ಗಾನ್" ಹೋಗಿ "ವೆಂಟ್" ಬರಬೇಕು. ಎರಡನೆಯ ಸಾಲಿನಲ್ಲಿ ಎರಡು ಚೌಕಗಳಿವೆ, "ಬಟ್" ಹೋಗಬೇಕು. "ಡಿಡ್" ಇರುವುದರಿಂದ "ಟುಕ್" ಮರಳಿ "ಟೇಕ್" ಆಗಬೇಕು. ಮೂರನೆಯ ಸಾಲು ಸ್ವಲ್ಪ ಸೂಕ್ಷ್ಮ. "ಕ್ಲೋಸ್ಡ್" ಎಂಬುದು ವ್ಯಾಕರಣಕ್ಕೆ ತಪ್ಪಲ್ಲ, ಆದರೆ ಮಗುವಿನ ಮನಸ್ಸಿನಲ್ಲಿದ್ದುದು ಆಗಲೇ ಮುಚ್ಚಿತ್ತು ಎಂಬ ಮಾತು; ಬರೆದದ್ದು ನಾನು ಹೋದ ಕೂಡಲೇ ಮುಚ್ಚಿದರು ಎಂಬ ಅರ್ಥ ಕೊಡುತ್ತದೆ. ಇಂಥ ಕಡೆ ಮಗುವನ್ನು ಕೇಳದೆ ತಿದ್ದಬಾರದು. ಆಗಲೇ ಮುಚ್ಚಿತ್ತು ಎಂದರೆ "ಹ್ಯಾಡ್ ಆಲ್ರೆಡಿ ಕ್ಲೋಸ್ಡ್" ಎಂದು ಬರೆಸಿ. "ಕಮ್ ಬ್ಯಾಕ್" ಎಂಬುದು ಸರಪಳಿಯ ಕೊನೆಯಲ್ಲಿ ಕಾಲ ಬಿಟ್ಟುಹೋದ ಪದ, ಅದು "ಕೇಮ್ ಬ್ಯಾಕ್" ಆಗಬೇಕು. ಕೊನೆಯ ಸಾಲಿನಲ್ಲಿ "ವಿಲ್" ತಪ್ಪು ಮನೆಗೆ ಹೋಗಿ ಕೂತಿದೆ: "ಇಫ್ ಐ ಗೋ ಟುಮಾರೋ, ಐ ವಿಲ್ ಗೋ ಅರ್ಲಿ".

ತಿದ್ದಿದ ಪ್ಯಾರಾ ಮುಗಿಯಿತೆಂದು ಮುಂದಿನ ಪಾಠಕ್ಕೆ ಹೋಗಬೇಡಿ. ಅದೇ ನಾಲ್ಕು ಸಾಲುಗಳಲ್ಲಿ "ಯೆಸ್ಟರ್ಡೇ" ಪದವನ್ನು "ಎವ್ರಿ ಸಂಡೇ" ಎಂದು ಬದಲಿಸಿ, ಉಳಿದುದನ್ನೆಲ್ಲ ಅದಕ್ಕೆ ಹೊಂದಿಸಿ ಬರೆಯಲು ಹೇಳಿ. ಮರುದಿನ "ಐ" ಬದಲು "ಮೈ ಸಿಸ್ಟರ್" ಹಾಕಿ ಮತ್ತೆ ಬರೆಸಿ. ಮೊದಲ ಸಾಲು "ಎವ್ರಿ ಸಂಡೇ ಮೈ ಸಿಸ್ಟರ್ ಗೋಸ್ ಟು ದಿ ಲೈಬ್ರರಿ" ಎಂದು, ಎರಡನೆಯದು "ದೋ ಇಟ್ ರೇನ್ಸ್, ಶಿ ಡಸ್ ನಾಟ್ ಟೇಕ್ ಆ್ಯನ್ ಅಂಬ್ರೆಲಾ" ಎಂದು ಬಂದರೆ, ಎಸ್ ಅಕ್ಷರ ಎಲ್ಲಿ ಕೂರಬೇಕು, "ಡಸ್" ಏನನ್ನು ನುಂಗುತ್ತದೆ ಎಂಬುದು ಕೈಗೆ ಹತ್ತಿದೆ. ಮೂರನೆಯ ಸಾಲಿನ "ಹ್ಯಾಡ್ ಆಲ್ರೆಡಿ ಕ್ಲೋಸ್ಡ್" ಎಂಬುದನ್ನು "ಹ್ಯಾಸ್ ಆಲ್ರೆಡಿ ಕ್ಲೋಸ್ಡ್" ಎಂದು ಮಗು ತಾನಾಗಿಯೇ ಬದಲಿಸಿದರೆ ಐದನೆಯ ಹೆಜ್ಜೆಗೆ ಮರಳಬೇಕಾಗಿಲ್ಲ. ಬದಲಿಸದಿದ್ದರೆ ಬಾಗಿಲ ಮುಂದೆ ಚೀಲ ತಡಕಾಡುತ್ತಿದ್ದ ಹುಡುಗಿಯ ಬಳಿಗೆ ಇನ್ನೊಮ್ಮೆ ಹೋಗಿ ಬನ್ನಿ.